ರಕ್ತಕ್ಕೆ ಯಾವ ಪ್ರಶ್ನೆ ಕೇಳಬೇಕು? ಒಂದು ರಿಪೋರ್ಟ್‌ನ ಹಿಂದಿನ ಇತಿಹಾಸ

1/8
📷 ಭದ್ರಾವತಿ, ಪೇಪರ್ ಟೌನ್. ಬೆಳಿಗ್ಗೆ ಏಳು ಗಂಟೆ.

ಈ ಪೇಜ್‌ನಲ್ಲಿ ಸಾಮಾನ್ಯವಾಗಿ ಹಳೇ ಸೇತುವೆ, ಹಳೇ ಸ್ಟೇಷನ್, ಕಾರ್ಖಾನೆ ಸೈರನ್ ಕಥೆ ಬರೀತೀನಿ. ಈ ಸಲ ಎಂಟು ಪೋಸ್ಟ್ ಒಂದು ಬ್ಲಡ್ ಟೆಸ್ಟ್ ಬಗ್ಗೆ. ಇದಕ್ಕೂ ಒಂದು ಇತಿಹಾಸ ಇದೆ. ಅದು ಗೊತ್ತಿಲ್ಲದೇ ನಮ್ಮ ಮನೆಯಲ್ಲೇ ಏಳು ತಿಂಗಳು ಕಳೆದುಹೋಯ್ತು.

ನಮ್ಮ ಚಿಕ್ಕಮ್ಮ ಪೇಪರ್ ಟೌನ್‌ನವರು. ಚಿಕ್ಕಪ್ಪ ಮಿಲ್‌ನಲ್ಲಿದ್ದವರು. ಸ್ನಾನ ಮಾಡುವಾಗ ಎಡ ಎದೆಯಲ್ಲಿ ಅಡಿಕೆ ಗಾತ್ರದ ಗಂಟು ಕೈಗೆ ಸಿಕ್ಕಿತಂತೆ. ನೋವಿರಲಿಲ್ಲ. ಯಾರಿಗೂ ಹೇಳಲಿಲ್ಲ. ಅದೇ ವಾರ ಮನೆಬಾಗಿಲಿಗೆ ಬಂದು ರಕ್ತ ತಗೊಂಡು ಹೋಗುವ ಚೆಕಪ್ ಪ್ಯಾಕೇಜ್‌ನ ಪಾಂಪ್ಲೆಟ್ ಸಿಕ್ಕಿತು. "ಹೆಂಗಸರ ಕ್ಯಾನ್ಸರ್ ಮಾರ್ಕರ್ ಕೂಡ ಸೇರಿದೆ" ಅಂತ ಬರೆದಿತ್ತು. ಡಾಕ್ಟರ್ ಮುಂದೆ ಬಟ್ಟೆ ಸರಿಸುವ ಮುಜುಗರ ಇಲ್ಲ, ಬರೀ ತೋಳು ಚಾಚಿದರೆ ಸಾಕು. ಮಾಡಿಸಿದರು.

ರಿಪೋರ್ಟ್ ಬಂತು. ಸಿಎ 15-3: 17. ಪಕ್ಕದಲ್ಲಿ 30ರ ಒಳಗಿದ್ದರೆ ನಾರ್ಮಲ್ ಅಂತ ಅಚ್ಚಾಗಿತ್ತು. ಚಿಕ್ಕಮ್ಮ ದೇವರಿಗೆ ಕೈಮುಗಿದು ಕಾಗದವನ್ನ ಬೀರುವಿನಲ್ಲಿಟ್ಟರು. ಏಳು ತಿಂಗಳಾದ ಮೇಲೆ ಕಂಕುಳಲ್ಲೂ ಗಂಟು ಬಂದಾಗ ಮಗಳಿಗೆ ಹೇಳಿದರು. ಬಯಾಪ್ಸಿ ಆಯ್ತು. ಸ್ತನ ಕ್ಯಾನ್ಸರ್.

ರಿಪೋರ್ಟ್ ಸುಳ್ಳು ಹೇಳಿರಲಿಲ್ಲ. ಆ ದಿನ ಅವರ ರಕ್ತದಲ್ಲಿ ಆ ವಸ್ತು ಇದ್ದದ್ದೇ ಅಷ್ಟು. ತಪ್ಪಿದ್ದು ಪ್ರಶ್ನೆ. ಆ ಟೆಸ್ಟ್ ಯಾವ ಪ್ರಶ್ನೆಗೆ ಹುಟ್ಟಿದ್ದು, ನಾವು ಅದರ ಹತ್ತಿರ ಕೇಳ್ತಿರೋದು ಯಾವ ಪ್ರಶ್ನೆ? ಈ ಸರಣಿ ಅಷ್ಟಕ್ಕೇ.

ಬರೀ ಅಂತ ಹೇಳಿದ್ದು ಚಿಕ್ಕಮ್ಮನೇ. ಹೆಸರು ಮಾತ್ರ ಬೇಡ ಅಂದರು.

——

2/8
📷 ಸೊರಬದ ಕಡೆ ಕಾಡಿನ ದಾರಿ, ಬೇಸಿಗೆ.

ಬ್ಲಡ್ ಟೆಸ್ಟ್ ಅಂದ್ರೆ ನಮ್ಮ ಜಿಲ್ಲೆಗೆ ಯಾಕಿಷ್ಟು ನಂಬಿಕೆ? ನನಗನ್ನಿಸುವ ಒಂದು ಕಾರಣ 1957ರಲ್ಲಿದೆ.

ಆ ವರ್ಷ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ವಿಪರೀತ ಜ್ವರ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಮೊದಲು ಹಳದಿ ಜ್ವರ ಭಾರತಕ್ಕೆ ಬಂತೇನೋ ಅಂತ ಗಾಬರಿಯಾಯ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಮಂಗಗಳದ್ದೂ ರೋಗಿಗಳದ್ದೂ ಸ್ಯಾಂಪಲ್ ಪುಣೆಗೆ ಹೋದವು. ಅಲ್ಲಿ ಸಿಕ್ಕಿದ್ದು ಜಗತ್ತಿಗೇ ಹೊಸದಾದ ವೈರಸ್. ಇವತ್ತಿಗೂ ಅದರ ಹೆಸರಲ್ಲಿ ನಮ್ಮ ಕಾಡಿದೆ: ಕ್ಯಾಸನೂರು ಫಾರೆಸ್ಟ್ ಡಿಸೀಸ್. ನಮ್ಮ ಬಾಯಲ್ಲಿ ಮಂಗನ ಕಾಯಿಲೆ.

ಆವತ್ತಿಂದ ಮಲೆನಾಡಿನಲ್ಲಿ ಒಂದು ಅಭ್ಯಾಸ ಬೆಳೀತು. ಜ್ವರ ಬಂತಾ, ರಕ್ತ ಕಳಿಸು. ಪಾಸಿಟಿವ್ ಅಂದ್ರೆ ಇದೆ, ನೆಗೆಟಿವ್ ಅಂದ್ರೆ ಇಲ್ಲ. ತೀರ್ಥಹಳ್ಳಿ, ಸಾಗರ, ಹೊಸನಗರದಲ್ಲಿ ಬೇಸಿಗೆ ಬಂತೆಂದರೆ ಇದು ಮನೆಮಾತು.

ಸೋಂಕಿನಲ್ಲಿ ಈ ಲೆಕ್ಕ ಹೆಚ್ಚುಕಡಿಮೆ ಸರಿ. ವೈರಸ್ ಹೊರಗಿನಿಂದ ಬಂದದ್ದು. ಅದು ನಮ್ಮದಲ್ಲ, ರಕ್ತದಲ್ಲಿ ಕಂಡರೆ ಬಂದಿದೆ ಅಂತಲೇ ಅರ್ಥ.

ಕ್ಯಾನ್ಸರ್ ಹೊರಗಿನದ್ದಲ್ಲ. ಅದು ನಮ್ಮದೇ ಕೋಶ, ಲಗಾಮು ಕಳಚಿಕೊಂಡದ್ದು. ಅದು ರಕ್ತಕ್ಕೆ ಬಿಡುವ ವಸ್ತುವೂ ಬಹುಪಾಲು ನಮ್ಮದೇ, ಆರೋಗ್ಯವಂತರಲ್ಲೂ ಸ್ವಲ್ಪ ಇರುವಂಥದ್ದು. ಆದ್ದರಿಂದ ಇಲ್ಲಿ "ಇದೆಯಾ ಇಲ್ವಾ" ಅನ್ನೋದಕ್ಕಿಂತ "ಎಷ್ಟಿದೆ, ಹೋದ ಸಲಕ್ಕಿಂತ ಏರಿತಾ ಇಳೀತಾ" ಅನ್ನೋದೇ ಪ್ರಶ್ನೆ. ಮಂಗನ ಕಾಯಿಲೆ ಕಲಿಸಿದ ಪಾಠವನ್ನ ನಾವು ಹಾಗೇ ತಂದು ಕ್ಯಾನ್ಸರ್ ರಿಪೋರ್ಟ್‌ನ ಮೇಲೆ ಇಟ್ಟುಬಿಟ್ಟಿದ್ದೀವಿ.

——

3/8
📷 ಹಳೇ ಮೈಕ್ರೋಸ್ಕೋಪ್, ಕಾಲೇಜು ಲ್ಯಾಬ್‌ನ ಕಪಾಟಿನಿಂದ.

ಮೈಯಿಂದ ಹೊರಬರುವ ದ್ರವದಲ್ಲಿ ಕ್ಯಾನ್ಸರ್ ಗುರುತು ಹುಡುಕೋ ಆಸೆ ಹೊಸದಲ್ಲ.

1840ರ ದಶಕದಲ್ಲಿ ಲಂಡನ್ನಿನ ಹೆನ್ರಿ ಬೆನ್ಸ್ ಜೋನ್ಸ್ ಒಬ್ಬ ರೋಗಿಯ ಮೂತ್ರದಲ್ಲಿ ವಿಚಿತ್ರ ಪ್ರೋಟೀನ್ ಕಂಡ. ಅದು ಮಜ್ಜೆಯ ಕ್ಯಾನ್ಸರ್‌ನ ಗುರುತು. ಟ್ಯೂಮರ್ ಮಾರ್ಕರ್‌ಗಳ ವಂಶಾವಳಿ ಅಲ್ಲಿಂದ ಶುರು.

1869ರಲ್ಲಿ ಆಸ್ಟ್ರೇಲಿಯಾದ ಥಾಮಸ್ ಆಶ್‌ವರ್ತ್ ಕ್ಯಾನ್ಸರ್‌ನಿಂದ ತೀರಿಹೋದ ಒಬ್ಬನ ಕಾಲಿನ ರಕ್ತನಾಳದಿಂದ ರಕ್ತ ತೆಗೆದು ನೋಡಿದ. ಗಡ್ಡೆಯಲ್ಲಿದ್ದಂಥವೇ ಕೋಶಗಳು ರಕ್ತದಲ್ಲೂ ಕಂಡವು. ಒಂದೇ ದೇಹದಲ್ಲಿ ಹಲವು ಕಡೆ ಗಡ್ಡೆ ಹೇಗೆ ಹುಟ್ಟುತ್ತೆ ಅನ್ನೋದಕ್ಕೆ ಇದು ಉತ್ತರ ಆಗಬಹುದು ಅಂತ ಅವನ ಊಹೆ. ಈ ಹೆಸರು ನೆನಪಿಡಿ, ಏಳನೇ ಭಾಗದಲ್ಲಿ ಮತ್ತೆ ಬರುತ್ತೆ.

ಆದರೆ ಅಳೆಯೋದು ಹೇಗೆ? ರಕ್ತದಲ್ಲಿ ಅತಿ ಕಡಿಮೆ ಇರುವ ವಸ್ತುವನ್ನ ಅಳೆಯುವ ದಾರಿ ತೋರಿಸಿದ್ದು ನ್ಯೂಯಾರ್ಕಿನ ರೋಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್, 1950ರ ದಶಕದ ಕೊನೆಗೆ. ಅವರು ಅಳೆದದ್ದು ಇನ್ಸುಲಿನ್. ಆ ವಿಧಾನಕ್ಕೆ ಯಾಲೋಗೆ 1977ರಲ್ಲಿ ನೊಬೆಲ್ ಬಂತು. ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು.

1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್ಮನ್ ಕರುಳಿನ ಕ್ಯಾನ್ಸರ್‌ನಲ್ಲಿ ಒಂದು ವಸ್ತು ಕಂಡುಹಿಡಿದರು. ಅದೇ ಸಿಇಎ. ಇನ್ನೇನು, ಒಂದು ಹನಿ ರಕ್ತದಲ್ಲಿ ಕ್ಯಾನ್ಸರ್ ಹಿಡಿದುಬಿಡ್ತೀವಿ ಅಂತ ಎಲ್ಲರಿಗೂ ಹುಮ್ಮಸ್ಸು.

ಹುಮ್ಮಸ್ಸು ಬೇಗ ಇಳೀತು. ಸಿಇಎ ಬೇರೆ ಕ್ಯಾನ್ಸರ್‌ಗಳಲ್ಲೂ ಏರುತ್ತೆ, ಲಿವರ್ ತೊಂದರೆಯಲ್ಲೂ ಏರುತ್ತೆ, ಬೀಡಿ ಸಿಗರೇಟು ಸೇದುವವರಲ್ಲೂ ಏರುತ್ತೆ. ಚಿಕ್ಕ ಗಡ್ಡೆ ಇದ್ದವರಲ್ಲಿ ಎಷ್ಟೋ ಸಲ ಏರೋದೇ ಇಲ್ಲ. ಇಲ್ಲದವರಲ್ಲಿ ಕಾಣುತ್ತೆ, ಇದ್ದವರಲ್ಲಿ ಕಾಣಲ್ಲ! ಮುಂದಿನ ಅರವತ್ತು ವರ್ಷ ಪ್ರತಿ ಹೊಸ ಮಾರ್ಕರ್‌ಗೂ ಎದುರಾದ ಪ್ರಶ್ನೆ ಇದೇ.

——

4/8
📷 ಹಾಲಿನ ಲೋಟ. ಹೌದು, ಇದಕ್ಕೂ ಕಥೆಗೂ ಸಂಬಂಧ ಇದೆ.

ಚಿಕ್ಕಮ್ಮನ ರಿಪೋರ್ಟ್‌ನಲ್ಲಿದ್ದ ಸಿಎ 15-3 ಎಲ್ಲಿಂದ ಬಂತು? ಅರ್ಧ ಭಾಗ ತಾಯಿಹಾಲಿನಿಂದ.

1975ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಒಂದೇ ಗುರಿಗೆ ಅಂಟಿಕೊಳ್ಳುವ ಆಂಟಿಬಾಡಿಯನ್ನ ಲ್ಯಾಬ್‌ನಲ್ಲಿ ಬೇಕಾದಷ್ಟು ತಯಾರಿಸುವ ವಿಧಾನ ಕಂಡುಹಿಡಿದರು (1984ರ ನೊಬೆಲ್). ಅದಾದ ಮೇಲೆ ಲ್ಯಾಬ್‌ಗಳೆಲ್ಲ ಕ್ಯಾನ್ಸರ್‌ಗೆ ಅಂಟುವ ಆಂಟಿಬಾಡಿ ಹುಡುಕೋಕೆ ಹೊರಟವು.

1980ರ ದಶಕದ ಮೊದಲ ಭಾಗದಲ್ಲಿ ನೆದರ್ಲೆಂಡ್ಸ್‌ನಲ್ಲಿ ಜಾನ್ ಹಿಲ್ಕೆನ್ಸ್ ತಂಡ ತಾಯಿಹಾಲಿನ ಕೊಬ್ಬಿನ ಕಣಗಳ ಹೊದಿಕೆಯಿಂದ ಒಂದು ಆಂಟಿಬಾಡಿ ಪಡೀತು. ಅಮೆರಿಕದ ಬಾಸ್ಟನ್‌ನಲ್ಲಿ ಡೊನಾಲ್ಡ್ ಕುಫೆ ತಂಡ ಲಿವರ್‌ಗೆ ಹರಡಿದ ಸ್ತನ ಕ್ಯಾನ್ಸರ್‌ನಿಂದ ಇನ್ನೊಂದು ಪಡೀತು. ಎರಡೂ ಅಂಟುವುದು ಒಂದೇ ಪ್ರೋಟೀನ್‌ಗೆ. ಅದರ ಹೆಸರು ಮ್ಯೂಕ್-1. ಎರಡು ಆಂಟಿಬಾಡಿಯನ್ನ ಜೋಡಿ ಮಾಡಿದಾಗ ಹುಟ್ಟಿದ್ದು ಸಿಎ 15-3 ಟೆಸ್ಟ್.

ಕೆಲಸ ಮಾಡೋದು ಹೀಗೆ. ಹಾಲಿನ ನಾಳದ ಕೋಶಗಳಲ್ಲಿ ಈ ಪ್ರೋಟೀನ್ ನಾಳದ ಒಳಮುಖಕ್ಕೆ ಮಾತ್ರ ಇರುತ್ತೆ. ಹಾಲಿನ ಕೊಬ್ಬಿನ ಕಣ ಹೊರಡುವಾಗ ಕೋಶದ ಹೊದಿಕೆಯನ್ನೇ ಸುತ್ತಿಕೊಂಡು ಹೊರಡುತ್ತೆ, ಹಾಗಾಗಿ ಹಾಲಿನಲ್ಲಿ ಇದು ಸಿಗುತ್ತೆ. ಕ್ಯಾನ್ಸರ್ ಆದ ಕೋಶಕ್ಕೆ ಒಳಮುಖ ಹೊರಮುಖದ ಪರಿವೆ ಇರಲ್ಲ. ಪ್ರೋಟೀನ್ ಸುತ್ತಲೂ ಹಬ್ಬುತ್ತೆ, ತುಂಡುತುಂಡಾಗಿ ಕಳಚಿ ರಕ್ತಕ್ಕೆ ಸೇರುತ್ತೆ.

ಗಮನಿಸಿ: ಇದು ಕ್ಯಾನ್ಸರ್ ಮಾತ್ರ ಮಾಡುವ ವಿಷ ಅಲ್ಲ. ಪ್ರತಿ ಹೆಣ್ಣಿನ ದೇಹದಲ್ಲೂ ಇರುವ ಪದಾರ್ಥ. ಅದಕ್ಕೇ ರಿಪೋರ್ಟ್‌ನಲ್ಲಿ "ಸೊನ್ನೆ" ಅಂತ ಬರಲ್ಲ, ಇಷ್ಟರ ಒಳಗೆ ಅಂತ ಬರುತ್ತೆ.

——

5/8
📷 ವಿಐಎಸ್‌ಎಲ್ ಚಿಮಣಿಗಳು, ಭದ್ರಾ ನದಿ ಕಡೆಯಿಂದ.

ಭದ್ರಾವತಿಯವರಿಗೆ ಇದನ್ನ ವಿವರಿಸೋದು ಸುಲಭ. 1918ರಲ್ಲಿ ಶುರುವಾಗಿ 1923ರಿಂದ ಕಬ್ಬಿಣ ತೆಗೆದ ನಮ್ಮ ಕಾರ್ಖಾನೆ ನಡೀತಿದೆಯಾ ನಿಂತಿದೆಯಾ ಅಂತ ತಿಳಿಯೋಕೆ ಒಳಗೆ ಹೋಗಬೇಕಿರಲಿಲ್ಲ. ದೂರದಿಂದ ಚಿಮಣಿ ಹೊಗೆ ನೋಡಿದರೆ ಸಾಕಿತ್ತು. ಹೊಗೆ ದಟ್ಟವಾಯ್ತಾ, ಫರ್ನೇಸ್ ಜೋರಾಗಿದೆ. ತೆಳುವಾಯ್ತಾ, ಇಳಿಸ್ತಿದ್ದಾರೆ.

ಆದರೆ ಯಾವುದೋ ಮನೆಯ ಮೂಲೆಯಲ್ಲಿ ಹೊತ್ತಿದ ಒಂದು ಕೆಂಡವನ್ನ ಅಷ್ಟು ದೂರದಿಂದ ಕಾಣಬಹುದಾ? ಇಲ್ಲ. ಸಿಎ 15-3 ಚಿಮಣಿ ಹೊಗೆ ಇದ್ದ ಹಾಗೆ. ಹರಡಿದ ಸ್ತನ ಕ್ಯಾನ್ಸರ್‌ನಲ್ಲಿ ಬಹಳ ಜನರಿಗೆ ಏರುತ್ತೆ. ಎದೆಯಲ್ಲಷ್ಟೇ ಇರುವ ಚಿಕ್ಕ ಗಡ್ಡೆಯಲ್ಲಿ ಬಹುಪಾಲು ನಾರ್ಮಲ್ ಬರುತ್ತೆ. ಅಂದರೆ ವಾಸಿ ಮಾಡೋಕೆ ಅತಿ ಹೆಚ್ಚು ಅವಕಾಶ ಇರುವ ಹೊತ್ತಿನಲ್ಲೇ ಅದು ಸುಮ್ಮನಿರುತ್ತೆ.

ಕ್ಯಾನ್ಸರ್ ಇಲ್ಲದೇನೂ ಏರುತ್ತೆ. ಲಿವರ್ ಕಾಯಿಲೆ, ಸ್ತನದ ಸಾಧಾರಣ ಗಂಟು, ಬಿ12 ಕೊರತೆಯಿಂದ ಬರುವ ರಕ್ತಹೀನತೆ ಇವೆಲ್ಲ ಕಾರಣ ಆಗಬಹುದು. ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ಎಷ್ಟು ಮಾಮೂಲಿ ಅಂತ ನಿಮಗೇ ಗೊತ್ತು.

ಇನ್ನೊಂದು ವಿಚಿತ್ರ. ಹೊಸ ಚಿಕಿತ್ಸೆ ಶುರುವಾದ ಮೊದಲ ನಾಲ್ಕಾರು ವಾರ ಈ ಸಂಖ್ಯೆ ಸುಮ್ಮನೆ ಮೇಲೇರಬಹುದು. ಔಷಧಿ ಹಿಡಿದು ಕೋಶಗಳು ಒಡೆದಾಗಲೂ ಪ್ರೋಟೀನ್ ಹೊರಬೀಳುತ್ತೆ. ಅದನ್ನ ನೋಡಿ ಔಷಧಿ ಬಿಟ್ಟರೆ ಅನಾಹುತ.

ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ (ಆಸ್ಕೊ) 2007ರ ಮಾರ್ಗಸೂಚಿಯಲ್ಲಿ ನೇರವಾಗಿ ಹೇಳಿತು: ತಪಾಸಣೆಗೆ ಬೇಡ, ರೋಗ ಪತ್ತೆಗೆ ಬೇಡ, ಗುಣವಾದವರಲ್ಲಿ ಮರುಕಳಿಸಿತಾ ಅಂತ ನೋಡೋಕೂ ಬೇಡ. ಹರಡಿದ ಕಾಯಿಲೆಗೆ ಚಿಕಿತ್ಸೆ ನಡೀತಿದ್ದಾಗ ಮಾತ್ರ, ಸ್ಕ್ಯಾನ್ ಮತ್ತು ಡಾಕ್ಟರ್ ಪರೀಕ್ಷೆ ಜೊತೆಗೆ ಬಳಸಬಹುದು, ಒಂಟಿಯಾಗಿ ಅಲ್ಲ.

ಮರುಕಳಿಸೋದು ಕೆಲವು ತಿಂಗಳು ಮೊದಲೇ ಗೊತ್ತಾದರೆ ಒಳ್ಳೇದಲ್ವಾ ಅಂತ ಕೇಳಬಹುದು. 1994ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ 1,320 ಹೆಂಗಸರನ್ನ ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಪದೇಪದೇ ಸ್ಕ್ಯಾನ್, ಎಕ್ಸ್‌ರೇ, ಲ್ಯಾಬ್ ಟೆಸ್ಟ್. ಇನ್ನೊಂದಕ್ಕೆ ಡಾಕ್ಟರ್ ಭೇಟಿ ಮತ್ತು ಮ್ಯಾಮೋಗ್ರಾಂ. ಬದುಕಿನ ಅವಧಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೇಗ ತಿಳಿದರೆ ಸಾಲದು, ತಿಳಿದ ಮೇಲೆ ಮಾಡೋಕೆ ಬೇರೆ ಏನಾದರೂ ಇರಬೇಕು.

——

6/8
📷 ಭದ್ರಾವತಿ ರೈಲ್ವೆ ಸ್ಟೇಷನ್, ರಾತ್ರಿ.

ಈಗ ನಮ್ಮೂರ ಇತಿಹಾಸ.

1973ರಲ್ಲಿ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಶುರುವಾಯ್ತು. ಶಿವಮೊಗ್ಗ ಜಿಲ್ಲೆಯಲ್ಲಿ "ಕಿದ್ವಾಯಿಗೆ ಹೋದ್ರಂತೆ" ಅನ್ನೋ ಒಂದು ಮಾತಿನಲ್ಲೇ ಎಲ್ಲ ಅರ್ಥ ಆಗಿಬಿಡುತ್ತೆ. ಕಾಯಿಲೆಯ ಹೆಸರು ಬಾಯಿಬಿಟ್ಟು ಹೇಳೋ ಹಾಗೇ ಇಲ್ಲ. ಇನ್ನೊಂದು ದಾರಿ ತೀರ್ಥಹಳ್ಳಿ, ಆಗುಂಬೆ ಘಾಟಿ ಇಳಿದು ಮಣಿಪಾಲ. ಎರಡರಲ್ಲಿ ಯಾವುದಾದರೂ ಒಂದು ದಿನದ ಕೂಲಿ ಹೋಗುತ್ತೆ, ಜೊತೆಗೆ ಬರುವವರದ್ದೂ ಹೋಗುತ್ತೆ.

1982ರ ಜನವರಿಯಲ್ಲಿ ಬೆಂಗಳೂರು, ಮುಂಬೈ, ಚೆನ್ನೈ ಮೂರು ನಗರಗಳಲ್ಲಿ ರಾಷ್ಟ್ರೀಯ ಕಾರ್ಯಕ್ರಮದಡಿ ಕ್ಯಾನ್ಸರ್ ನೋಂದಣಿ ಆರಂಭ ಆಯ್ತು. ಬೆಂಗಳೂರಿನದ್ದು ಕಿದ್ವಾಯಿಯಲ್ಲೇ. ಆಗ ಬೆಂಗಳೂರಿನ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ಮೊದಲ ಸ್ಥಾನದಲ್ಲಿತ್ತು. ವರ್ಷಗಳು ಕಳೆದಂತೆ ಸ್ತನ ಕ್ಯಾನ್ಸರ್ ಅದನ್ನ ದಾಟಿ ಮುಂದೆ ಬಂತು. ದೇಶದ ಲೆಕ್ಕದಲ್ಲೂ ಈಗ ಹಾಗೇ. 2022ರ ಗ್ಲೋಬೋಕ್ಯಾನ್ ಅಂದಾಜಿನಲ್ಲಿ ಭಾರತದಲ್ಲಿ ಒಂದು ವರ್ಷಕ್ಕೆ ಸುಮಾರು 1,92,000 ಹೊಸ ಸ್ತನ ಕ್ಯಾನ್ಸರ್ ಪ್ರಕರಣ, ಸುಮಾರು 98,000 ಸಾವು.

ಆ ಎರಡು ಸಂಖ್ಯೆಯನ್ನ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ. ಇಷ್ಟು ಸಾವಿಗೆ ದೊಡ್ಡ ಕಾರಣ ತಡ. ಗಂಟು ಕೈಗೆ ಸಿಕ್ಕಿದ ದಿನಕ್ಕೂ ಡಾಕ್ಟರ್ ಕೈಗೆ ಸಿಕ್ಕಿದ ದಿನಕ್ಕೂ ನಡುವಿನ ತಡ.

2021-22ರ ರಾಜ್ಯ ಬಜೆಟ್‌ನಲ್ಲಿ ಶಿವಮೊಗ್ಗಕ್ಕೆ ಕಿದ್ವಾಯಿ ಮಾದರಿಯ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ ಘೋಷಣೆ ಆಯ್ತು. ಆದರೆ ಮೊದಲ ಹೆಜ್ಜೆಗೆ, ಅಂದರೆ ಗಂಟನ್ನ ಮುಟ್ಟಿ ನೋಡೋದು, ಸೂಜಿ ಹಾಕಿ ತುಣುಕು ತೆಗೆಯೋದು, ಇದಕ್ಕೆ ಕಾಯಬೇಕಿಲ್ಲ. ಮೆಗ್ಗಾನ್‌ನಂಥ ಬೋಧನಾ ಆಸ್ಪತ್ರೆಯ ಸರ್ಜರಿ ಮತ್ತು ಪೆಥಾಲಜಿ ವಿಭಾಗದ ದಿನನಿತ್ಯದ ಕೆಲಸ ಅದು.

ಮನೆಬಾಗಿಲ ರಕ್ತಪರೀಕ್ಷೆ ಯಾಕೆ ಇಷ್ಟು ಆಕರ್ಷಣೆ ಅಂತ ನನಗೆ ಅರ್ಥ ಆಗುತ್ತೆ. ಮನುಷ್ಯ ಹೋಗೋ ಬದಲು ಸ್ಯಾಂಪಲ್ ಹೋಗುತ್ತೆ. 1957ರಲ್ಲಿ ಪುಣೆಗೆ ಹೋದ ಹಾಗೆ. ಭದ್ರಾವತಿಯಿಂದ ರಾತ್ರಿ ರೈಲು ಹತ್ತಿದವರನ್ನ ಕಂಡವರು ಯಾರೂ ಆ ಆಸೆಯನ್ನ ನಗೆಯಾಡಲ್ಲ.

——

7/8
📷 ರಕ್ತದ ಟ್ಯೂಬ್‌ಗಳು, ಕ್ಯಾಪ್ ಬಣ್ಣ ಬೇರೆಬೇರೆ.

ಹಾಗಾದರೆ ಸಿಎ 15-3 ಆದ ಮೇಲೆ ಏನೂ ಆಗಲಿಲ್ವಾ? ಬಹಳ ಆಗಿದೆ.

ಆಶ್‌ವರ್ತ್ ನೆನಪಿದ್ದಾನಾ? ಅವನು ಕಂಡ ಕೋಶಗಳನ್ನ ಎಣಿಸುವ ಯಂತ್ರಕ್ಕೆ 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ಕೊಟ್ಟಿತು. 7.5 ಮಿಲಿ ರಕ್ತದಲ್ಲಿ ಐದು ಅಥವಾ ಹೆಚ್ಚು ಕ್ಯಾನ್ಸರ್ ಕೋಶ ಇದ್ದರೆ, ಹರಡಿದ ಸ್ತನ ಕ್ಯಾನ್ಸರ್‌ನವರ ಮುಂದಿನ ದಾರಿ ಕಷ್ಟ ಅಂತ ಗೊತ್ತಾಯ್ತು. ಸರಿ, ಎಣಿಕೆ ಇಳಿಯದಿದ್ದರೆ ಕೀಮೋ ಬೇಗ ಬದಲಾಯಿಸಿದರೆ? 2014ರಲ್ಲಿ ಆ ಅಧ್ಯಯನದ ಫಲಿತಾಂಶ ಬಂತು. ಬದಲಾಯಿಸಿದರೂ ಆಯಸ್ಸು ಹೆಚ್ಚಲಿಲ್ಲ.

ಇನ್ನೊಂದು ದಾರಿ ಡಿಎನ್‌ಎ. ರಕ್ತದಲ್ಲಿ ಕೋಶದ ಹೊರಗೂ ಡಿಎನ್‌ಎ ಚೂರು ತೇಲುತ್ತೆ ಅಂತ 1948ರಲ್ಲೇ ಫ್ರಾನ್ಸಿನ ಮಾಂಡೆಲ್ ಮತ್ತು ಮೆಟೆ ತೋರಿಸಿದ್ದರು. ಅದರಲ್ಲಿ ಗಡ್ಡೆಯ ಚೂರನ್ನ ಗುರುತಿಸುವ ತಂತ್ರ ಬರೋಕೆ ದಶಕಗಳು ಬೇಕಾದವು. 2013ರಲ್ಲಿ ಕೇಂಬ್ರಿಡ್ಜ್‌ನಿಂದ ಬಂದ ಅಧ್ಯಯನದಲ್ಲಿ ಹರಡಿದ ಸ್ತನ ಕ್ಯಾನ್ಸರ್ ಇದ್ದ 30 ಹೆಂಗಸರಲ್ಲಿ 29 ಜನರ ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಸಿಕ್ಕಿತು. ಸಿಎ 15-3 ಏರಿದ್ದು 27ರಲ್ಲಿ 21 ಜನರಲ್ಲಿ.

ಈ ಡಿಎನ್‌ಎ ಬರೀ ಎಷ್ಟು ಅಂತ ಹೇಳಲ್ಲ, ಏನು ಬದಲಾಗಿದೆ ಅಂತಲೂ ಹೇಳುತ್ತೆ. ಹಾರ್ಮೋನ್ ಮಾತ್ರೆ ತಗೊಳ್ಳುವವರಲ್ಲಿ ಗಡ್ಡೆ ಕೆಲವೊಮ್ಮೆ ಇಎಸ್‌ಆರ್-1 ಅನ್ನುವ ಜೀನ್ ಬದಲಾಯಿಸಿಕೊಂಡು ಮಾತ್ರೆಯಿಂದ ತಪ್ಪಿಸಿಕೊಳ್ಳುತ್ತೆ. ರಕ್ತದಲ್ಲಿ ಆ ಬದಲಾವಣೆ ಕಂಡವರಿಗೆ ಎಲಾಸೆಸ್ಟ್ರಾಂಟ್ ಅನ್ನುವ ಔಷಧಿಗೆ 2023ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2025ರಲ್ಲಿ ಸೆರೀನಾ-6 ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ಸ್ಕ್ಯಾನ್‌ನಲ್ಲಿ ಕಾಯಿಲೆ ಬೆಳೆಯುವ ಮೊದಲೇ, ರಕ್ತದಲ್ಲಿ ಆ ಗುರುತು ಕಂಡ ಕೂಡಲೇ ಔಷಧಿ ಬದಲಾಯಿಸಿದರೆ ಕಾಯಿಲೆ ಸುಮ್ಮನಿದ್ದ ಅವಧಿ ಸುಮಾರು 9 ತಿಂಗಳಿಂದ 16 ತಿಂಗಳಿಗೆ ಏರಿತು. ಆಯಸ್ಸು ಹೆಚ್ಚಿತಾ ಅನ್ನೋದಕ್ಕೆ ಇನ್ನೂ ಕಾಯಬೇಕು. ಆದರೆ ಇಲ್ಲಿ "ತಿಳಿದ ಮೇಲೆ ಮಾಡೋಕೆ" ಏನೋ ಇದೆ. 1994ರ ಇಟಲಿಗೂ ಇದಕ್ಕೂ ಅದೇ ವ್ಯತ್ಯಾಸ.

ನಮ್ಮ ರಾಜ್ಯವೂ ಈ ಓಟದಲ್ಲಿದೆ. 2000ದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಬೆಂಗಳೂರಿನಲ್ಲಿ ಶುರುಮಾಡಿದ ಸ್ಟ್ರಾಂಡ್ ಲೈಫ್ ಸೈನ್ಸಸ್ 2024ರ ಡಿಸೆಂಬರ್‌ನಲ್ಲಿ ಕ್ಯಾನ್ಸರ್‌ಸ್ಪಾಟ್ ಅನ್ನುವ ರಕ್ತಪರೀಕ್ಷೆ ಹೊರತಂದಿತು. ಹಲವು ಕ್ಯಾನ್ಸರ್‌ಗಳನ್ನ ಡಿಎನ್‌ಎ ಗುರುತಿನಿಂದ ಬೇಗ ಹಿಡಿಯುವ ಉದ್ದೇಶ. ಇಂಥ ಪರೀಕ್ಷೆಗಳ ಬಗ್ಗೆ ಒಂದು ಅಂಕಿ ಮಾತ್ರ ನೆನಪಿಡಿ. ಇದೇ ಬಗೆಯ ಅಮೆರಿಕದ ಒಂದು ಟೆಸ್ಟ್‌ನ 2021ರ ದೊಡ್ಡ ಅಧ್ಯಯನದಲ್ಲಿ ಮೊದಲ ಹಂತದ ಸ್ತನ ಕ್ಯಾನ್ಸರ್ ಸಿಕ್ಕಿದ್ದು ನೂರಕ್ಕೆ ಮೂರಕ್ಕಿಂತ ಕಡಿಮೆ. ಕೆಂಡ ಇನ್ನೂ ದೂರದಿಂದ ಕಾಣ್ತಿಲ್ಲ.

——

8/8
📷 ಎರಡು ಕೈ. ಚಿಕ್ಕಮ್ಮನದ್ದು.

ಕೊನೆಯ ಭಾಗ. ಇದು ಯಂತ್ರದ ಕಥೆ ಅಲ್ಲ, ಕೈಯ ಕಥೆ.

ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ನಗರದ ಕೊಳೆಗೇರಿಗಳ 1,51,538 ಹೆಂಗಸರನ್ನ ಇಪ್ಪತ್ತು ವರ್ಷ ಗಮನಿಸಿದರು. ಅರ್ಧ ಜನರಿಗೆ ಎರಡು ವರ್ಷಕ್ಕೊಮ್ಮೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಕೈಯಲ್ಲಿ ಮುಟ್ಟಿ ಸ್ತನ ಪರೀಕ್ಷೆ ಮಾಡಿದರು. ಯಂತ್ರ ಇಲ್ಲ, ರಕ್ತ ಇಲ್ಲ. 2021ರಲ್ಲಿ ಫಲಿತಾಂಶ ಬಂತು. ಆ ಗುಂಪಿನಲ್ಲಿ ಕಾಯಿಲೆ ಮುಂಚಿನ ಹಂತದಲ್ಲೇ ಸಿಕ್ಕಿತು. ಎಲ್ಲ ವಯಸ್ಸನ್ನೂ ಸೇರಿಸಿದರೆ ಸಾವು ಇಳಿದದ್ದು ಖಚಿತವಾಗಿ ಹೇಳುವಷ್ಟಿರಲಿಲ್ಲ. ಐವತ್ತು ದಾಟಿದವರಲ್ಲಿ ಮಾತ್ರ ಸ್ತನ ಕ್ಯಾನ್ಸರ್ ಸಾವು ಸುಮಾರು 30 ಪ್ರತಿಶತ ಕಡಿಮೆ.

ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತೆ. ಮೂವತ್ತು ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಸ್ತನ ಪರೀಕ್ಷೆ. ನಿಮ್ಮ ಆಶಾ ಕಾರ್ಯಕರ್ತೆಯನ್ನ ಕೇಳಿ.

ಈ ಎಂಟು ಪೋಸ್ಟ್‌ನ ಸಾರ ಇಷ್ಟು:

▪ ಗಂಟು, ಚರ್ಮ ಒಳಗೆಳೆದಂತಾಗೋದು, ತೊಟ್ಟಿನಿಂದ ರಕ್ತ, ಕಂಕುಳಲ್ಲಿ ಗಡ್ಡೆ ಇದ್ದರೆ ಮೊದಲು ಡಾಕ್ಟರ್ ಕೈ, ಆಮೇಲೆ ಮ್ಯಾಮೋಗ್ರಾಂ ಅಥವಾ ಅಲ್ಟ್ರಾಸೌಂಡ್, ಆಮೇಲೆ ಬಯಾಪ್ಸಿ. ಯಾವ ಔಷಧಿ ಹಿಡಿಯುತ್ತೆ ಅಂತ ಮೊದಲು ಹೇಳೋದೂ ಆ ತುಣುಕೇ.
▪ ಗಂಟು ಇದ್ದು ಸಿಎ 15-3 ನಾರ್ಮಲ್ ಇದ್ದರೆ ಅದಕ್ಕೆ ಏನೂ ಅರ್ಥ ಇಲ್ಲ.
▪ ಗಂಟು ಇಲ್ಲದೆ ಪ್ಯಾಕೇಜ್‌ನಲ್ಲಿ ಅದು ಸ್ವಲ್ಪ ಏರಿದ್ದರೆ ರಾತ್ರಿ ನಿದ್ದೆ ಕೆಡಿಸ್ಕೋಬೇಡಿ, ಡಾಕ್ಟರ್‌ಗೆ ತೋರಿಸಿ.
▪ ಚಿಕಿತ್ಸೆಯಲ್ಲಿದ್ದವರು ಒಂದು ರಿಪೋರ್ಟ್ ನೋಡಿ ಔಷಧಿ ಬಿಡಬೇಡಿ. ಸಾಧ್ಯವಾದಷ್ಟು ಒಂದೇ ಲ್ಯಾಬ್‌ನಲ್ಲಿ ಮಾಡಿಸಿ, ಒಂದಲ್ಲ, ಸಾಲಾಗಿ ನೋಡಿ.
▪ ಬ್ರಾಕಾ ಟೆಸ್ಟ್ ಬೇರೆ. ಅದು ವಂಶದಲ್ಲಿ ಬಂದ ಅಪಾಯ ಹೇಳುತ್ತೆ, ಇವತ್ತು ಕಾಯಿಲೆ ಇದೆಯಾ ಅಂತ ಹೇಳಲ್ಲ.

ಚಿಕ್ಕಮ್ಮನಿಗೆ ಕೀಮೋ, ಆಪರೇಷನ್, ರೇಡಿಯೇಷನ್ ಮುಗೀತು. ಈಗ ದಿನಕ್ಕೊಂದು ಹಾರ್ಮೋನ್ ಮಾತ್ರೆ. ಆ ಏಳು ತಿಂಗಳು ಏನು ಕಸಿದುಕೊಂಡಿತು ಅಂತ ಯಾರೂ ಲೆಕ್ಕ ಹೇಳಲಾರರು. ಅವರೂ ಕೇಳಲ್ಲ.

ಹೋದ ತಿಂಗಳು ಓಣಿಯ ಒಬ್ಬರು ಬಂದು ಚಿಕ್ಕಮ್ಮನ ಹತ್ತಿರ ತಮ್ಮ ರಿಪೋರ್ಟ್ ತೋರಿಸಿದರಂತೆ. ಎಲ್ಲ ನಾರ್ಮಲ್ ಇದೆ ನೋಡಿ ಅಂತ. ಚಿಕ್ಕಮ್ಮ ಕಾಗದ ಪಕ್ಕಕ್ಕಿಟ್ಟು ಕೇಳಿದ್ದು ಒಂದೇ ಮಾತು: "ಅದಿರಲಿ, ಕೈಗೆ ಏನಾದ್ರೂ ಸಿಗ್ತಿದೆಯಾ?"

ಸಿಗ್ತಿತ್ತು. ಮಾರನೇ ದಿನ ಇಬ್ಬರೂ ಒಟ್ಟಿಗೆ ಶಿವಮೊಗ್ಗ ಬಸ್ ಹತ್ತಿದರು. ಸೂಜಿ ಪರೀಕ್ಷೆಯಲ್ಲಿ ಸಾಧಾರಣ ಗಂಟು ಅಂತ ಬಂತು. ವಾಪಸ್ ಬರುವಾಗ ಇಬ್ಬರೂ ಮಂಡಕ್ಕಿ ಮಿರ್ಚಿ ತಿಂದರಂತೆ.

ಸೇವ್ ಮಾಡ್ಕೊಳ್ಳಿ. ಅಮ್ಮನಿಗೆ, ಅತ್ತೆಗೆ, ಅಕ್ಕನಿಗೆ ಕಳಿಸಿ. ಓದೋಕೆ ಬಾರದವರಿಗೆ ಓದಿ ಹೇಳಿ.

#ಶಿವಮೊಗ್ಗ #ಭದ್ರಾವತಿ #ಮಲೆನಾಡು #ನಮ್ಮೂರಇತಿಹಾಸ #ಸ್ತನಕ್ಯಾನ್ಸರ್ #ಕನ್ನಡದಲ್ಲಿವಿಜ್ಞಾನ